3ಡಿ ಮುಖಚಿತ್ರಕ್ಕೆ ಚಿನ್ ರೆಸ್ಟಾ, ಲೇಸರಾ, ಕನ್ನಡಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಕನ್ನಡಿ. ಚಿಕಿತ್ಸೆಗೆ ಮುಂಚೆ ಒಂದು, ಆಮೇಲೆ ಒಂದು ಅಂತ ಮುಖದ 3ಡಿ ಚಿತ್ರ ತೆಗೆದು ಹೋಲಿಸುವುದು ನನ್ನ ಕೆಲಸ. ಎರಡೂ ಸಲ ತಲೆ ಒಂದೇ ಥರ ಇರಬೇಕು. ಅದಕ್ಕೆಂದೇ ದುಡ್ಡು ಕೊಟ್ಟು ತರಿಸಿದ ಚಿನ್ ರೆಸ್ಟ್ (ಗದ್ದ ಊರುವ ಸ್ಟ್ಯಾಂಡ್) ಈಗ ಮೂಲೆ ಸೇರಿದೆ.

"3ಡಿ ಅಲ್ವಾ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಿರುಗಿಸಿಕೊಂಡರಾಯಿತು" ಅನ್ನುವವರಿದ್ದಾರೆ. ಹಣೆ, ಮೂಗಿನ ಬುಡ ನೋಡಿಕೊಂಡು ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬಹುದು, ನಿಜ. ಆದರೆ ತಲೆ ಎತ್ತಿದಾಗ ಗದ್ದದ ಕೆಳಗಿನ ಚರ್ಮ ಬಿಗಿಯಾಗುತ್ತದೆ, ತಗ್ಗಿಸಿದರೆ ಮಡಿಕೆ ಬೀಳುತ್ತದೆ. ಚಿತ್ರವನ್ನು ಎಷ್ಟು ತಿರುಗಿಸಿದರೂ ಆ ಮಡಿಕೆ ಹಾಗೇ ಇರುತ್ತದೆ. ತಲೆ ಪಕ್ಕಕ್ಕೆ ತಿರುಗಿದ್ದರೆ, ಓರೆಯಾಗಿದ್ದರೆ ಎದುರಿನಿಂದಲೇ ಗೊತ್ತಾಗುತ್ತದೆ. ಮೇಲೆ ಕೆಳಗೆ ಬಾಗಿದ್ದು ಮಾತ್ರ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ತಲೆ ಅಲುಗದ ಹಾಗೆ ಹಿಡಿಯುವುದರಲ್ಲಿ ಚಿನ್ ರೆಸ್ಟ್ ಗಟ್ಟಿ. ತೊಂದರೆ ಏನೆಂದರೆ, ನಾವು ಅಳೆಯಬೇಕಾದ ಜಾಗವನ್ನೇ ಅದು ಒತ್ತುತ್ತದೆ. ಗದ್ದದ ಮೆತ್ತನೆ ಭಾಗ ಮೇಲಕ್ಕೆ ಸರಿಯುತ್ತದೆ, ಕೆಳತುಟಿಯೂ ಜೊತೆಗೆ ಉಬ್ಬುತ್ತದೆ. ಬರೀ ಕೆನ್ನೆಗೆ ಚಿಕಿತ್ಸೆಯಾಗಿದ್ದ ಒಬ್ಬರ ಚಿತ್ರಗಳನ್ನು ಹೋಲಿಸಿದರೆ, ಮುಖ ಎಲ್ಲೆಲ್ಲಿ ಬದಲಾಗಿದೆ ಅಂತ ತೋರಿಸುವ ಬಣ್ಣದ ನಕ್ಷೆಯಲ್ಲಿ ಗದ್ದದ ಮೇಲೂ ದೊಡ್ಡ ಕೆಂಪು ಪಟ್ಟೆ. ಗದ್ದವನ್ನು ಯಾರೂ ಮುಟ್ಟಿರಲಿಲ್ಲ. ಎರಡನೇ ಸಲ ಅವರು ಸುಸ್ತಾಗಿ ಸ್ಟ್ಯಾಂಡಿನ ಮೇಲೆ ಜಾಸ್ತಿ ಭಾರ ಹಾಕಿದ್ದರು, ಅಷ್ಟೇ. ಅದೂ ಅಲ್ಲದೆ ಗದ್ದದ ಅಡಿಭಾಗ ಸ್ಟ್ಯಾಂಡಿಗೆ ಮರೆಯಾಗಿ ಚಿತ್ರದಲ್ಲಿ ತೂತು ಬೀಳುತ್ತದೆ. ಸರಿ, ಗದ್ದ ಬಿಟ್ಟು ಹಣೆಗೆ ಪಟ್ಟಿ ಕಟ್ಟೋಣವೆಂದರೆ, ಚಿತ್ರ ಕೂರಿಸಲು ಬೇಕಾದ ಹಣೆಯೇ ಮುಚ್ಚಿಹೋಗುತ್ತದೆ! ತಲೆಯ ಸುತ್ತ ತಿರುಗಿ 3ಡಿ ಎಕ್ಸ್‌ರೇ ತೆಗೆಯುವ ಸಿಬಿಸಿಟಿ ಸ್ಕ್ಯಾನ್‌ಗೆ ಸೆಕೆಂಡುಗಟ್ಟಲೆ ಹಿಡಿಯುತ್ತದೆ, ಅಲ್ಲಿ ಆಸರೆ ಬೇಕು. ಹಲವು ಕ್ಯಾಮೆರಾ ಒಟ್ಟಿಗೆ ಕ್ಲಿಕ್ಕಿಸುವ ನಮ್ಮ ಯಂತ್ರಕ್ಕೆ ಕೆಲವೇ ಮಿಲಿಸೆಕೆಂಡು ಸಾಕು. ಅಷ್ಟು ಹೊತ್ತು ಯಾರು ಬೇಕಾದರೂ ಅಲುಗದೆ ಕೂರುತ್ತಾರೆ.

ಮುಖದ ಮೇಲೆ ಬೀಳಿಸುವ ಲೇಸರ್ ಗೆರೆ ಚೊಕ್ಕವಾಗಿದೆ, ಓರೆ ತಲೆಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಪೇಷಂಟ್ ಕಣ್ಣು ಮುಚ್ಚಬೇಕು. ಗೆರೆ ಆರಿಸಿ ಕಣ್ಣು ಬಿಡಿಸುವಷ್ಟರಲ್ಲಿ ತಲೆ ಸರಿದಿರುತ್ತದೆ.

ಕನ್ನಡಿ ಹೊಸ ಉಪಾಯವೇನಲ್ಲ. ತಲೆಯ ಎಕ್ಸ್‌ರೇಗೆ ಸಹಜ ಭಂಗಿಯೇ, ಅಂದರೆ ನೇರ ನೋಡುವಾಗ ತಲೆ ತಾನಾಗಿ ನಿಲ್ಲುವ ರೀತಿಯೇ, ಆಧಾರವಾಗಬೇಕೆಂದು ಸಂಶೋಧಕರಾದ ಮೂರೀಸ್ ಮತ್ತು ಕೀನ್ 1958ರಲ್ಲೇ ಬರೆದಿದ್ದರು. ಆ ಭಂಗಿಗೆ ಬರಲು ಸ್ಟೂಲಿನ ಎತ್ತರ ಸರಿಮಾಡಿ, ಬೆನ್ನು ನೆಟ್ಟಗೆ ಇಟ್ಟು, ತಲೆಯನ್ನು ಮೇಲೆ ಕೆಳಗೆ ಆಡಿಸಿ ಹಾಯೆನಿಸಿದ ಕಡೆ ನಿಲ್ಲಿಸಬೇಕು. ಆಮೇಲೆ ಕನ್ನಡಿಯಲ್ಲಿ ತಮ್ಮ ಕಣ್ಣನ್ನೇ ನೋಡಬೇಕು. ಹಲ್ಲು ಮೆಲ್ಲಗೆ ತಾಗಿರಲಿ, ತುಟಿ ಸಡಿಲವಾಗಿರಲಿ.

ಇದರಲ್ಲೂ ಒಂದು ಕಾಟ ಇದೆ. ದೂರದ್ದು ಸರಿಯಾಗಿ ಕಾಣದವರು ಕನ್ನಡಕ ತೆಗೆದ ತಕ್ಷಣ ಕತ್ತು ಮುಂದೆ ಚಾಚುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಕತ್ತಿನ ಜೊತೆ ಗದ್ದವೂ ಮೇಲೇಳುತ್ತದೆ. "ಹಿಂದೆ ಸರಿಯಿರಿ" ಅಂದರೆ ತಲೆಯನ್ನೇ ತಗ್ಗಿಸಿಬಿಡುತ್ತಾರೆ. ಈಗ ಕನ್ನಡಿಯ ನಡುವೆ ಮೇಲಿಂದ ಕೆಳಗೆ ಅಗಲವಾದ ಕಪ್ಪು ಟೇಪ್ ಅಂಟಿಸಿದ್ದೇನೆ. ಮುಖ ಮಸುಕಾಗಿ ಕಂಡರೂ ಪಟ್ಟಿಯ ಎರಡೂ ಕಡೆ ಸಮ ಇದೆಯೇ ಅಂತ ಯಾರಿಗಾದರೂ ತಿಳಿಯುತ್ತದೆ. ಮೇಲೆ ಕೆಳಗಿನ ಬಾಗು ನೋಡಲು ನಾನೇ ಪಕ್ಕದಲ್ಲಿ ನಿಂತು, ಕಿವಿಯ ತೂತಿನಿಂದ ಕಣ್ಣಿನ ಗೂಡಿನ ಕೆಳ ಅಂಚಿಗೆ ಎಳೆಯುವ ಫ್ರಾಂಕ್‌ಫರ್ಟ್ ಗೆರೆಯನ್ನು ಮೊದಲ ಸಲದ ಪಕ್ಕದ ಫೋಟೋ ಜೊತೆ ಹೋಲಿಸುತ್ತೇನೆ. ಆ ಗೆರೆ ನೆಲಕ್ಕೆ ಸಮವಾಗೇ ಇರಬೇಕೆಂದಿಲ್ಲ, ಹೋದ ಸಲದಷ್ಟೇ ಬಾಗಿದ್ದರೆ ಸಾಕು.

ಹಳೆಯ ಚಿತ್ರವನ್ನು ಪರದೆಯ ಮೇಲೆ ಮಸುಕಾಗಿ ತೋರಿಸುವ ಸಾಫ್ಟ್‌ವೇರ್ ಇದ್ದರೆ ಎರಡನೇ ಸಲ ಬಳಸಿ. ಆದರೆ ಮುಖ ಊದಿದ್ದರೆ ಅಂಚುಗಳು ಕೂಡುವುದಿಲ್ಲ.

ನಾನು ಒಬ್ಬನೇ ಚಿತ್ರ ತೆಗೆಯುವುದು, ಪ್ರತಿಯೊಬ್ಬರಿಗೂ ಸ್ವಲ್ಪ ಸಮಯ ಕೊಡುವ ಅಭ್ಯಾಸವೂ ಇದೆ. ಹಾಗಾಗಿ ಕನ್ನಡಿ, ಟೇಪ್, ಎತ್ತರ ಬದಲಾಗುವ ಸ್ಟೂಲ್ ನನಗೆ ಸಾಕು. ದಿನಕ್ಕೊಬ್ಬರು ಯಂತ್ರ ಮುಟ್ಟುವ ಕಡೆ ಲೇಸರನ್ನೂ ಇಟ್ಟುಕೊಳ್ಳಿ. ಕತ್ತೇ ಓರೆಯಾಗಿರುವವರಿಗೆ ಕನ್ನಡಿಯೊಂದನ್ನೇ ನಂಬಬೇಡಿ, ಅವರಿಗೆ ಓರೆಯೇ ನೇರ ಅನಿಸುತ್ತದೆ.