90 ದಿನದ ವಿಂಡೋಸ್ ಮುಗಿಯುವ ಮೊದಲು: ನಾನು ಹಿಡಿದ ದಾರಿಗಳು, ಬಿಟ್ಟ ದಾರಿಗಳು

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು ಎರಡು ವಾರ ಆಗಿತ್ತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಮೇಲೆ, ಮಸುಕು ಅಕ್ಷರದಲ್ಲಿ ಎರಡು ಮೂರು ಸಾಲು ಇಂಗ್ಲಿಷ್ ಇತ್ತು. ಕಂಪನಿ ಹೆಸರೇನೋ ಇರಬೇಕು ಅಂತ ನಾನು ಓದಿರಲೇ ಇಲ್ಲ. ಮನೆಗೆ ಬಂದ ತಂಗಿ ಮಗ ಓದಿದ. "ಮಾವ, ಇದು ಇವ್ಯಾಲ್ಯುಯೇಶನ್ ಕಾಪಿ. ಇನ್ನು 23 ದಿನ, ಅಷ್ಟೆ."

ಅಂಗಡಿಯವನು ಪೂರ್ತಿ ಸುಳ್ಳೇನೂ ಹೇಳಿರಲಿಲ್ಲ. "ಒರಿಜಿನಲ್ ವಿಂಡೋಸ್ ಸಾರ್, ಎಂಟರ್‌ಪ್ರೈಸ್" ಅಂದಿದ್ದ. ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನದ ಪರೀಕ್ಷಾ ಪ್ರತಿಯನ್ನು ಮೈಕ್ರೋಸಾಫ್ಟೇ ಪುಕ್ಕಟೆ ಕೊಡುತ್ತದೆ, ಕಂಪನಿಗಳ ಐಟಿಯವರು ಹಾಕಿ ನೋಡಲಿ ಅಂತ. ಗಡುವು ದಾಟಿದರೆ ಡೆಸ್ಕ್‌ಟಾಪ್ ಕಪ್ಪಾಗುತ್ತದೆ, ಇದು ಅಸಲಿ ಅಲ್ಲ ಅನ್ನುವ ಸೂಚನೆ ಅಂಟಿಕೊಂಡು ಕೂರುತ್ತದೆ, ಗಂಟೆಗೊಮ್ಮೆ ಯಂತ್ರ ತಾನೇ ಬಂದ್ ಆಗುತ್ತದೆ. ನನ್ನದು ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಕೆಲಸ. ಪಾರ್ಟಿ ಎದುರಿಗೆ ಕೂತಿರುವಾಗ ಅಫಿಡವಿಟ್ ಅರ್ಧಕ್ಕೆ ಹೋದರೆ ಏನು ಗತಿ?

ಮೊದಲೇ ಹೇಳಿಬಿಡುತ್ತೇನೆ: ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಇದ್ದ ವಿಂಡೋಸ್ ಪ್ರೊಗೆ ವಾಪಸ್ ಹೋದದ್ದೇ ನನಗೆ ಸರಿಹೋಯಿತು. ಆದರೆ ಆ ಮಾತಿಗೆ ಬರುವ ಮೊದಲು ಮೂರು ಕಡೆ ಅಲೆದೆ.

ಒಂದು, ಗಡುವು ಮುಂದೂಡುವುದು. ಎಸ್‌ಎಲ್‌ಎಂಜಿಆರ್ ಅನ್ನುವ ಕಮಾಂಡಿಗೆ ರೀಆರ್ಮ್ ಅಂತ ಸೇರಿಸಿದರೆ ಲೆಕ್ಕ ಮೊದಲಿಂದ ಶುರುವಾಗುತ್ತದೆ. ಎಷ್ಟು ಸಲ ಉಳಿದಿದೆ ಅಂತ ಅದೇ ಕಮಾಂಡಿಗೆ ಡಿಎಲ್‌ವಿ ಸೇರಿಸಿ ನೋಡಬಹುದು. ನನ್ನದರಲ್ಲಿ ಸೊನ್ನೆ.

ಎರಡು, ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಸಿಗುವ ಕೀ, ಅಂದರೆ ವಿಂಡೋಸನ್ನು ಖಾಯಂ ಮಾಡುವ ಸಂಕೇತಾಕ್ಷರ. ಪಕ್ಕದ ಜೆರಾಕ್ಸ್ ಅಂಗಡಿಯವರು ಒಂದು ತಗೊಂಡು, ನಾಲ್ಕು ತಿಂಗಳಿಗೆ ಅದು ಸತ್ತು, ದುಡ್ಡು ಕೇಳೋಣ ಅಂದರೆ ಮಾರಿದವನೇ ಇಲ್ಲ. ಅದರ ಗೊಡವೆಗೇ ಹೋಗಲಿಲ್ಲ. ಕೊಂಡಿದ್ದರೂ ಪ್ರಯೋಜನ ಇರುತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಯಾಕೆ ಅಂದರೆ, ನನ್ನ ಮೂರು ಸಂಜೆ ತಿಂದ ತೊಡಕು ಇದೇ: ಇವ್ಯಾಲ್ಯುಯೇಶನ್ ಪ್ರತಿಗೆ ಕೀ ಹಾಕಿ ಅದನ್ನೇ ಖಾಯಂ ಮಾಡಿಕೊಳ್ಳಲು ಬರುವುದಿಲ್ಲ. ನಾನು ಅಂದುಕೊಂಡದ್ದು, ಹೊಸ ಐಎಸ್‌ಒ (ವಿಂಡೋಸ್ ಹಾಕುವ ಪೂರ್ತಿ ಫೈಲು) ಇಳಿಸಿ ಸೆಟಪ್ ಓಡಿಸಿದರೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ, ಫಾಂಟು, ಪ್ರಿಂಟರು ಎಲ್ಲ ಇದ್ದ ಹಾಗೇ ಇದ್ದು ಕೆಳಗಿನ ವಿಂಡೋಸ್ ಮಾತ್ರ ಬದಲಾಗುತ್ತದೆ ಅಂತ. ಸೆಟಪ್ ಕೇಳುವ ಪ್ರಶ್ನೆಯೂ ಹಾಗೇ ಇದೆ: ಫೈಲು ಮತ್ತು ಆ್ಯಪ್ ಉಳಿಸಿಕೊಳ್ಳಲೇ, ಬರೀ ಫೈಲು ಉಳಿಸಲೇ, ಏನೂ ಬೇಡವೇ? ನನಗೆ ಬೇಕಾಗಿದ್ದ ಮೊದಲನೇ ಸಾಲೇ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು. ಮೌಸ್ ಒತ್ತಿದರೆ ಕೇಳದು.

ಹುಡುಗ, ಅದೇ ತಂಗಿ ಮಗ, ಬಿಡಲಿಲ್ಲ. ವಿಂಡೋಸಿನ ಸೆಟ್ಟಿಂಗ್ ಕಡತವಾದ ರಿಜಿಸ್ಟ್ರಿಯಲ್ಲಿ ಎಡಿಶನ್ ಐಡಿ ಅಂತ ಒಂದಿದೆ, ಅಲ್ಲಿ ಇರುವ ಎಂಟರ್‌ಪ್ರೈಸ್ ಇವ್ಯಾಲ್ ಅಳಿಸಿ ಪ್ರೊಫೆಷನಲ್ ಅಂತ ಬರೆದರೆ ಸೆಟಪ್ ನಂಬುತ್ತದೆ ಅಂದ. ಬರೆದ. ನಿಜವಾಗಿಯೂ ಬೂದು ಸಾಲು ಕಪ್ಪಾಯಿತು, ಇಬ್ಬರೂ ಒಂದೊಂದು ಕಾಫಿ ಕುಡಿದೆವು. ಶೇಕಡಾ 60 ದಾಟಿದ ಮೇಲೆ ಯಂತ್ರ ಮತ್ತೆ ಶುರುವಾಗಿ, "ಹಿಂದಿನ ಸ್ಥಿತಿಗೆ ತರುತ್ತಿದ್ದೇವೆ" ಅಂತ ಇಂಗ್ಲಿಷಿನಲ್ಲಿ ಹೇಳಿ, ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿತು. ಮೂಲೆಯಲ್ಲಿ ಅದೇ ಮಸುಕು ಅಕ್ಷರ, ದಿನ ಮಾತ್ರ ಒಂದು ಕಡಿಮೆ. ಕೆಲವರಿಗೆ ಈ ಉಪಾಯ ಫಲಿಸಿದೆಯಂತೆ. ಫಲಿಸಿದರೂ ಅದು ಅಧಿಕೃತ ದಾರಿಯಲ್ಲ. ಕೆಲಸದ ಯಂತ್ರದ ಮೇಲೆ ನಾನಂತೂ ಇನ್ನೊಮ್ಮೆ ಮಾಡಲಾರೆ.

ಮೂರು, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್. ಇದು ಹುಡುಗನ ಆಸೆ, ನನಗೂ ಹಿಡಿಸಿತು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಗಡುವಿನ ಗೋಜಿಲ್ಲ, ದುಡ್ಡಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ (ನುಡಿಯಲ್ಲಿರುವಂಥದೇ ಕೀ ಜೋಡಣೆ) ಇದೆ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತುವ ನನ್ನ ಬೆರಳಿಗೆ ಹೊಸದೇನೂ ಅನ್ನಿಸಲಿಲ್ಲ.

ಕೈಕೊಟ್ಟದ್ದು ಹಳೇ ಫೈಲುಗಳು. ಹನ್ನೆರಡು ವರ್ಷದ ಕರಾರು ಪತ್ರ, ಅರ್ಜಿ ನಮೂನೆಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿವೆ. ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ, ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡ ಯುರೋಪಿನ ಅಕ್ಷರಗಳ ಸಂತೆ. ಫಾಂಟ್ ಹಾಕಿದರೆ ಓದಲು ಬಂತು, ಆದರೆ ಅದೇ ಫೈಲಿನಲ್ಲಿ ಹೆಸರು, ದಿನಾಂಕ ತಿದ್ದಲು ಹೋದರೆ ಯೂನಿಕೋಡ್ ಅಕ್ಷರ ನಡುವೆ ನುಸುಳಿ ಒಂದೇ ಸಾಲಿನಲ್ಲಿ ಎರಡು ಬಗೆಯ ಕನ್ನಡ. ಯೂನಿಕೋಡಿಗೆ ಪರಿವರ್ತಿಸಿದರೂ, ಅರ್ಕಾವತ್ತಿನ ಜಾಗಕ್ಕೆ ಕನ್ನಡ ಅಂಕಿ ಒಂಬತ್ತನ್ನು ಒತ್ತುತ್ತಿದ್ದ ಹಿಂದಿನ ಟೈಪಿಸ್ಟ್ ಪುಣ್ಯಾತ್ಮನ ಕಡತಗಳಲ್ಲಿ "ವರ್ಷ" ಎಲ್ಲ "ವಷ೯" ಆಗಿಯೇ ಉಳಿಯಿತು. ಇದರ ಮೇಲೆ ನನ್ನ ಹಳೇ ಲೇಸರ್ ಪ್ರಿಂಟರ್ ಮಿಂಟಿನಲ್ಲಿ ಒಂದು ಹಾಳೆಯನ್ನೂ ಉಗುಳಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ, ಯೂನಿಕೋಡಿನಲ್ಲೇ ಬರೆಯುವವರಿಗೆ ನಾನು ಮಿಂಟನ್ನೇ ಹೇಳುತ್ತೇನೆ. ನನಗಲ್ಲ.

ಅಷ್ಟರಲ್ಲಿ ಗಡುವು ದಾಟಿತು. ಸೋಮವಾರ ಬೆಳಿಗ್ಗೆ ಕಪ್ಪು ಪರದೆ, ಶುರು ಮಾಡಿ ಸರಿಯಾಗಿ ಒಂದು ಗಂಟೆಯಾಗುತ್ತಲೇ ಬಂದ್. ಖಾತೆ ಬದಲಾವಣೆ ಅರ್ಜಿಯ ಎರಡನೇ ಪುಟದಲ್ಲಿದ್ದೆ. ಎದುರಿಗೆ ಕೂತಿದ್ದ ಅಜ್ಜ "ಕರೆಂಟ್ ಹೋಯ್ತಾ?" ಅಂದರು. ತಲೆ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

ಅವತ್ತು ರಾತ್ರಿ ಹೊಳೆಯಿತು: ಇದು ಯಾವುದೋ ಕಂಪನಿ ಬಳಸಿ ಬಿಟ್ಟ ಯಂತ್ರ, ಕಾರ್ಖಾನೆಯಿಂದ ಬರುವಾಗ ಬರಿಗೈಲಿ ಬಂದಿರುತ್ತದೆಯೇ? ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪ್ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ, ಅಂದರೆ ಬೋರ್ಡಿಗೇ ಅಂಟಿದ ಚಿಪ್ಪಿನ ತಂತ್ರಾಂಶದಲ್ಲೇ, ಬರೆದಿರುತ್ತಾರೆ. ಡಿಸ್ಕ್ ಒರೆಸಿದರೂ ಅದು ಅಳಿಯುವುದಿಲ್ಲ. ಪವರ್‌ಶೆಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಒಂದು ಸಾಲು ಹೊಡೆದಾಗ ಐದೈದು ಅಕ್ಷರದ ಐದು ಗುಂಪಿನ ಕೀ ಬಂತು, ವಿಂಡೋಸ್ 10 ಪ್ರೊ. ಅದೇ ಕೀ 11ಕ್ಕೂ ನಡೆಯುತ್ತದೆ. ಯಂತ್ರದ್ದು ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ವಿಂಡೋಸ್ 11 ಹಾಕಲು ಅಡ್ಡಿಯಿಲ್ಲ. 10ಕ್ಕೆ ಹಿಂದಿರುಗೋಣ ಅಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ.

ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಮೊದಲು ಪೆನ್‌ಡ್ರೈವಿಗೆ ಫೈಲುಗಳು, ನುಡಿಯ ಸೆಟಪ್, ನಾನಾಗಿ ಸೇರಿಸಿದ್ದ ಫಾಂಟುಗಳು, ಪ್ರಿಂಟರ್ ಡ್ರೈವರ್. ಸೆಟಪ್ ನಡುವೆ ವೈಫೈ ಕಾಣಲೇ ಇಲ್ಲ, ಫೋನನ್ನು ಕೇಬಲಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಮಾಡಿ ಅದರ ಇಂಟರ್ನೆಟ್ ಕೊಟ್ಟ ಮೇಲೆ ಮುಂದೆ ಹೋಯಿತು. ಕೀ ಕೇಳಲಿಲ್ಲ, ಯಾವ ಎಡಿಶನ್ ಅಂತಲೂ ಕೇಳಲಿಲ್ಲ. ಇಂಟರ್ನೆಟ್ ಸಿಕ್ಕಿದ್ದೇ ತಡ ಆ್ಯಕ್ಟಿವೇಟ್ ಆಯಿತು. ಖರ್ಚು ಸೊನ್ನೆ, ರಾತ್ರಿ ನಿದ್ದೆ ಬಿಟ್ಟರೆ.

ಹೋದ ವಾರ ಟೋನರ್ ತುಂಬಿಸಲು ಅದೇ ಅಂಗಡಿಗೆ ಹೋದಾಗ ವಿಷಯ ತೆಗೆದೆ. ಅವನು ತಲೆ ಎತ್ತದೆ ಅಂದ: "ಅಯ್ಯೋ, ಅಷ್ಟಕ್ಕೆ ಯಾಕೆ ಕಷ್ಟಪಟ್ರಿ ಸಾರ್? ಮೂರು ತಿಂಗಳಿಗೊಂದ್ಸಲ ತಂದ್ಕೊಡಿ, ಅದನ್ನೇ ಮತ್ತೆ ಹಾಕ್ಕೊಡ್ತೀನಿ. ಐನೂರು ಕೊಡಿ ಸಾಕು."