ಎಂ-ಸೀಲ್, ಶಿಲ್ಪಕಾರ್, ಮಿಲಿಪುಟ್, ಗ್ರೀನ್ ಸ್ಟಫ್: ಯಾವ ಕೆಲಸಕ್ಕೆ ಯಾವ ಪುಟ್ಟಿ?

ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ 'ಪುಟ್ಟಿ' ಎಂದರೆ ಗೋಡೆಗೆ ಬಳಿಯುವ ಬಿಳಿ ಪುಡಿಯ ಚೀಲ ತೋರಿಸುತ್ತಾರೆ. ಇಲ್ಲಿರುವ ಮಾತು ಅದರದ್ದಲ್ಲ, ಎರಡು ಉಂಡೆಗಳನ್ನು ಸಮಸಮ ತೆಗೆದು ನಾದಿದರೆ ಕಲ್ಲಾಗುವ ಎಪಾಕ್ಸಿ ಪುಟ್ಟಿಯದ್ದು. ಒಂದು ಉಂಡೆ ರೆಸಿನ್, ಇನ್ನೊಂದು ಹಾರ್ಡ್‌ನರ್. ಎರಡರಲ್ಲೂ ಟಾಲ್ಕ್, ಸೀಮೆಸುಣ್ಣದಂಥ ಪುಡಿ ತುಂಬಿರುವುದರಿಂದಲೇ ಅದಕ್ಕೆ ಚಪಾತಿ ಹಿಟ್ಟಿನ ಹದ. ಮಣ್ಣು ಒಣಗುವುದು ನೀರು ಆರಿ, ಅದಕ್ಕೇ ಕುಗ್ಗಿ ಬಿರುಕು ಬಿಡುತ್ತದೆ. ಇದು ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ, ಹಾಗಾಗಿ ಕುಗ್ಗುವುದು ತೀರಾ ಕಡಿಮೆ. ಮುರಿದಲ್ಲಿ ತುಂಬಿದ್ದು ತುಂಬಿದಷ್ಟೇ ಉಳಿಯುತ್ತದೆ.

ನಾಲ್ಕು ಪುಟ್ಟಿಗಳನ್ನು ನಾಲ್ಕು ಕೆಲಸಕ್ಕೆ ಹಾಕಿ ನೋಡಿದ್ದು ಹೀಗೆ: ನೀರಿನ ಪೈಪಿನ ಜಾಯಿಂಟ್, ದಸರಾ ಮಣ್ಣಿನ ಗೊಂಬೆಯ ಮುರಿದ ಬೆರಳು, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮೇಲೆ ಉಬ್ಬುಚಿತ್ರ, ಗೇಣುದ್ದಕ್ಕಿಂತ ಚಿಕ್ಕ ಆಕೃತಿಯ ಮುಖ. 'ಯಾವುದು ಹೆಚ್ಚು ಗಟ್ಟಿ' ಎಂದು ಕೇಳುವವರೇ ಎಲ್ಲರೂ. ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಗೊಂಬೆಯ ಬೆರಳಿಗೆ ನಾಲ್ಕರ ಗಟ್ಟಿತನವೂ ಸಾಕು ಸಾಕು. ಕಲಸಿದ ಮೇಲೆ ಎಷ್ಟು ಹೊತ್ತು ಕೈಮಾತು ಕೇಳುತ್ತದೆ, ಗಟ್ಟಿಯಾದ ಮೇಲೆ ಎಮೆರಿ ಪೇಪರಿಗೆ ಹೇಗೆ ಮಣಿಯುತ್ತದೆ ಎಂಬ ಎರಡೇ ಗುಣ ಆಯ್ಕೆಯನ್ನು ತೀರ್ಮಾನಿಸುತ್ತವೆ.

ಪೈಪಿನ ಕೆಲಸ

ಇಲ್ಲಿ ಎಂ-ಸೀಲ್ ಗೆದ್ದಿತು, ಅದರಲ್ಲಿ ಆಶ್ಚರ್ಯವೇನಿಲ್ಲ. ಒಂದುಂಡೆ ತೆಳು ಬಣ್ಣ, ಇನ್ನೊಂದು ಕಡುಗಪ್ಪು. ಗೆರೆ ಒಂದೂ ಕಾಣದೆ ಎಲ್ಲ ಒಂದೇ ಬೂದುಬಣ್ಣ ಆದಾಗ ಕಲಸಿದ್ದು ಸಾಕು ಎಂದು ಕಣ್ಣೇ ಹೇಳುತ್ತದೆ. ಅಡಿಕೆ ಗಾತ್ರದ ಉಂಡೆಗೆ ಮೂರು ನಿಮಿಷ ನಾದಬೇಕು. ಗೆರೆ ಉಳಿದರೆ ಆ ಜಾಗ ಎಷ್ಟು ದಿನ ಕಾದರೂ ಮೇಣದಂತೆ ಮೆತ್ತಗೇ ಇರುತ್ತದೆ. ಮತ್ತಷ್ಟು ಹಾರ್ಡ್‌ನರ್ ಸೇರಿಸಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದೊಂದು ನಂಬಿಕೆಯಿದೆ. ಸುಣ್ಣ ಹೆಚ್ಚಾದ ಎಲೆಯಡಿಕೆಯಂತೆ ಅದು ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಜೊತೆಗಾರ ರೆಸಿನ್ ಸಿಗದ ಹಾರ್ಡ್‌ನರ್ ಒಳಗೇ ಉಳಿದು ಪುಟ್ಟಿಯನ್ನು ಮೆದುವಾಗಿಸುತ್ತದೆ.

ಕ್ರಮ ಇಷ್ಟೇ. ನೀರು ನಿಲ್ಲಿಸಿ, ಪೈಪಿನಲ್ಲಿ ಉಳಿದದ್ದನ್ನು ಬಸಿದು, ಬಟ್ಟೆಯಿಂದ ಒರೆಸಿ ಒಣಗಿಸಿ. 80 ನಂಬರಿನ ಎಮೆರಿ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಧೂಳು ತೆಗೆದು, ಸೋರುವ ಜಾಗದ ಎರಡೂ ಬದಿಗೆ 2ರಿಂದ 3 ಸೆಂ.ಮೀ. ದಾಟುವಂತೆ ಪುಟ್ಟಿ ಸುತ್ತಿ. ದಪ್ಪ 5 ಮಿ.ಮೀ.ಗೆ ಕಡಿಮೆ ಬೇಡ. ಬೆರಳಿಗೆ ನೀರು ಮುಟ್ಟಿಸಿ ಅಂಚನ್ನು ಪೈಪಿಗೆ ಒತ್ತಿ ಸವರಿ, ಏಕೆಂದರೆ ಪುಟ್ಟಿ ಏಳುವುದು ಅಂಚಿನಿಂದಲೇ. ಆಮೇಲೆ ಒಂದು ರಾತ್ರಿ ವಾಲ್ವ್ ಮುಟ್ಟಬೇಡಿ. ಎರಡು ಗಂಟೆಗೆ ಉಗುರು ಇಳಿಯದಷ್ಟು ಗಟ್ಟಿಯಾಗಿ ಕಂಡರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಆಗ ನೀರು ಬಿಟ್ಟರೆ ಸೂಜಿಮೊನೆಯಷ್ಟು ದಾರಿ ಕೊರೆದುಕೊಂಡು ಬರುತ್ತದೆ, ಆಮೇಲೆ ಅದರ ಮೇಲೆ ಎಷ್ಟು ಮೆತ್ತಿದರೂ ಅಷ್ಟೇ.

ಬೇಗ ಗಟ್ಟಿಯಾಗುವ ಪುಟ್ಟಿಯೂ ಸಿಗುತ್ತದೆ. ನೀರು ಪೂರ್ತಿ ನಿಲ್ಲಿಸಲಾಗದ ಕಡೆ ಅದೇ ಗತಿ. ಆದರೆ ಕಲಸುವುದರಲ್ಲೇ ಅರ್ಧ ಹೊತ್ತು ಹೋಗುವುದರಿಂದ ಒಮ್ಮೆಗೆ ನೆಲ್ಲಿಕಾಯಿಗಿಂತ ಹೆಚ್ಚು ತೆಗೆಯಬಾರದು. ದೊಡ್ಡ ಉಂಡೆಯಾದರೆ ಕೈಯಲ್ಲೇ ಬಿಸಿಯೇರಿ ಇನ್ನೂ ಬೇಗ ಬಿಗಿಯುತ್ತದೆ.

ಶಿಲ್ಪಕಾರ್, ಮಿಲಿಪುಟ್ ಎರಡೂ ಪೈಪಿಗೆ ಹಿಡಿದವು, ಆದರೆ ಆ ಬೆಲೆಗೆ ಅಲ್ಲಿ ಅವನ್ನು ಬಳಸುವುದು ದಂಡ. ಗ್ರೀನ್ ಸ್ಟಫ್ ಚಿಕ್ಕ ಆಕೃತಿ ತಿದ್ದುವವರ ಪುಟ್ಟಿ, ಅದರಿಂದ ಪೈಪ್ ಮುಚ್ಚುವವರು ಯಾರೂ ಇರಲಾರರು. ಇನ್ನು ಪ್ಲಾಸ್ಟಿಕ್ ನೀರಿನ ಟ್ಯಾಂಕು: ಅದು ಪಾಲಿಥಿಲೀನ್, ಎಪಾಕ್ಸಿ ಅದಕ್ಕೆ ಅಂಟುವುದೇ ಇಲ್ಲ. ಬಕೆಟ್ಟಿನ ಪಾಲಿಪ್ರೊಪಿಲೀನ್ ಕೂಡ ಹಾಗೇ. ಎಷ್ಟೇ ಉಜ್ಜಿ ಹಚ್ಚಿದರೂ ಕೆಲವೇ ದಿನಕ್ಕೆ ಬಿಲ್ಲೆಯಂತೆ ಎದ್ದು ಬರುತ್ತದೆ, ಟ್ಯಾಂಕಿಗೆ ಬಿಸಿ ವೆಲ್ಡಿಂಗೇ ದಾರಿ. ಗೀಸರಿನ ಬಿಸಿನೀರಿನ ಕಡೆಗೂ ಸಾಮಾನ್ಯ ಪುಟ್ಟಿ ಬೇಡ, ಬಿಸಿಗೆ ಅದು ಮೆತ್ತಗಾಗುತ್ತದೆ. ಪಿವಿಸಿ ಪೈಪೇ ಉದ್ದಕ್ಕೆ ಸೀಳಿದ್ದರೆ ಆ ತುಂಡು ಕತ್ತರಿಸಿ ಕಪ್ಲರ್ ಹಾಕುವುದೇ ಮೇಲು.

ಗೊಂಬೆಯ ಬೆರಳು

ದಸರಾ ಹತ್ತಿರ ಬಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದಾಗ ಕಾಣುವುದು ಸಾಮಾನ್ಯವಾಗಿ ಮುರಿದ ಬೆರಳು, ಮೂಗು, ಕಿರೀಟದ ತುದಿ. ಮನೆಯಲ್ಲಿದೆ ಎಂದು ಎಂ-ಸೀಲನ್ನೇ ಹಚ್ಚಿದರೆ ಆಗುವುದೇನು? ಹಿಡಿಯುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ, ಕಷ್ಟ ಶುರುವಾಗುವುದು ಉಜ್ಜುವಾಗ. ಪುಟ್ಟಿ ಮಣ್ಣಿಗಿಂತ ಬಹಳ ಗಟ್ಟಿ. ಎಮೆರಿ ಪೇಪರ್ ಪುಟ್ಟಿಯನ್ನು ಬಿಟ್ಟು ಪಕ್ಕದ ಮಣ್ಣನ್ನೂ ಹಳೆಯ ಬಣ್ಣವನ್ನೂ ತಿನ್ನುತ್ತದೆ. ಕೊನೆಗೆ ಬೆಸುಗೆಯ ಸುತ್ತ ಕಾಲುವೆ, ನಡುವೆ ದಿಣ್ಣೆ. ಬೂದುಬಣ್ಣವನ್ನು ಮುಚ್ಚಲು ತೆಳು ಮೈಬಣ್ಣ ಮೂರು ನಾಲ್ಕು ಸಲ ಬಳಿಯಬೇಕು, ಅಷ್ಟರಲ್ಲಿ ಬೆರಳು ಊದಿರುತ್ತದೆ. ಮೂಗಿಗಿಂತ ಮೂಗುತಿ ಭಾರ.

ಶಿಲ್ಪಕಾರ್ ಇದಕ್ಕೆ ಒಗ್ಗಿತು. ಬಣ್ಣ ತೆಳು, ಮೈ ನಯ, ಎಂ-ಸೀಲಿಗಿಂತ ಸುಲಭವಾಗಿ ಉಜ್ಜಬಹುದು. ಕಲಸಿದ ಮೇಲೆ ತಿದ್ದಲು ನಮ್ಮ ಕೈಗೆ ಒಂದು ಗಂಟೆಯ ಆಸುಪಾಸು ಸಿಕ್ಕಿತು. ತೊಡಕು ಒಂದೇ, ಎರಡು ಉಂಡೆಗಳೂ ತೆಳುಬಣ್ಣದವಾದ್ದರಿಂದ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಗಡಿಯಾರ ನೋಡಿ ಐದು ನಿಮಿಷ ನಾದುವುದೇ ಸರಿ. ಇಲ್ಲವೇ ಹಾರ್ಡ್‌ನರ್ ಉಂಡೆಗೆ ಸಾಸಿವೆಯಷ್ಟು ಒಣ ಬಣ್ಣದ ಪುಡಿ ಮೊದಲೇ ಸೇರಿಸಿದರೆ ಗೆರೆ ಕಾಣುತ್ತದೆ.

ಮಿಲಿಪುಟ್ ವೇಲ್ಸ್‌ನದು, 1968ರಿಂದ ತಯಾರಾಗುತ್ತಿದೆ. ಪಿಂಗಾಣಿ ರಿಪೇರಿಗೆ ಅದರ ಸೂಪರ್‌ಫೈನ್ ವೈಟ್ ಬಗೆಯೇ ಬೇಕು, ಹಳದಿ-ಬೂದಿಯ ಸಾಮಾನ್ಯ ಬಗೆ ಕೊಂಚ ತರಿತರಿ. ಇದರ ದೊಡ್ಡ ಗುಣ ನೀರಿನೊಂದಿಗಿನ ನಂಟು. ಒದ್ದೆ ಕುಂಚದಿಂದ ಎಳೆದರೆ ಪುಟ್ಟಿಯ ಅಂಚು ಕರಗಿ ಮಣ್ಣಿನೊಳಗೆ ಸೇರಿದಂತೆ ಮಾಯವಾಗುತ್ತದೆ, ಉಜ್ಜುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಗಟ್ಟಿಯಾಗಲು ಮೂರು ನಾಲ್ಕು ಗಂಟೆ. ಆದರೆ 113 ಗ್ರಾಮಿನ ಪೊಟ್ಟಣ ಆಮದಿನ ಸರಕು, ಆನ್‌ಲೈನಿನಲ್ಲಿ ತರಿಸಬೇಕು. ಎರಡು ಬೆರಳಿಗೆ ಅಷ್ಟು ಖರ್ಚು ಬೇಡ. ಹಳೆಯ ಪಿಂಗಾಣಿಯೋ ಪಟ್ಟದ ಗೊಂಬೆಯೋ ಆದರೆ ಕೊಳ್ಳುವುದರಲ್ಲಿ ಅರ್ಥವಿದೆ.

ಯಾವ ಪುಟ್ಟಿಯೇ ಆಗಲಿ, ಬೆರಳು ಬರಿದೇ ಅಂಟಿಸಿದರೆ ಮುಂದಿನ ವರ್ಷ ಮತ್ತೆ ಪೆಟ್ಟಿಗೆಯಲ್ಲೇ ಸಿಗುತ್ತದೆ. 1 ಮಿ.ಮೀ. ಬಿಟ್ ಹಾಕಿದ ಕೈ ಡ್ರಿಲ್ಲಿನಿಂದ ಅಂಗೈಗೆ 5 ಮಿ.ಮೀ. ಆಳ ತೂತು ಕೊರೆದು, ಅದಕ್ಕಿಂತ ತೆಳು ತಾಮ್ರದ ತಂತಿಯನ್ನು ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟು ಹಚ್ಚಿ ಕೂರಿಸಿ. ಮುರಿದ ಬಾಯಿಗೂ ತೆಳ್ಳಗೆ ಅರಾಲ್ಡೈಟ್ ಸವರಿ. ಒಣ ಮಣ್ಣು ಧೂಳು ಧೂಳಾಗಿರುತ್ತದೆ, ಪುಟ್ಟಿ ಆ ಧೂಳಿಗೆ ಅಂಟಿ ಅದರ ಸಮೇತ ಎದ್ದುಬರುತ್ತದೆ. ಅಂಟು ಮಣ್ಣೊಳಗೆ ಇಳಿದು ಅದನ್ನು ಬಿಗಿ ಮಾಡುತ್ತದೆ. ಅದು ಪೂರ್ತಿ ಗಟ್ಟಿಯಾಗುವ ಮುನ್ನವೇ ತಂತಿಯ ಸುತ್ತ ಹೆಸರುಕಾಳಿನಷ್ಟು ಪುಟ್ಟಿ. ಸುತ್ತಲಿನ ಹಳೆಯ ಬಣ್ಣಕ್ಕೆ ಮಾಸ್ಕಿಂಗ್ ಟೇಪ್. ಮರುದಿನ 220, ಆಮೇಲೆ 400 ನಂಬರ್. ಬಣ್ಣ ಅಕ್ರಿಲಿಕ್.

ಉಬ್ಬುಚಿತ್ರ, ಚಿಕ್ಕ ಮುಖ

ಹಲಗೆಯ ಮೇಲಿನ ಬಳ್ಳಿ, ಎಲೆ, ನವಿಲುಗರಿಗೆ ಶಿಲ್ಪಕಾರನ್ನು ಮೀರಿಸಿದ್ದು ಸಿಗಲಿಲ್ಲ. ಕೈಗೆ ಟಾಲ್ಕಂ ಪೌಡರ್ ಹಚ್ಚಿ ಲಟ್ಟಿಸಬಹುದು, ಎಳೆ ಹೊಸೆಯಬಹುದು. ಹಲಗೆಗೆ ಮೊದಲು ಫೆವಿಕಾಲ್ ತೆಳುವಾಗಿ ಬಳಿದರೆ ಹಿಡಿತ ಚೆನ್ನ. ಪೌಡರ್ ಹೆಚ್ಚಾದರೆ ಒಂದು ಪದರ ಇನ್ನೊಂದಕ್ಕೆ ಅಂಟದು, ಎಲೆ ಮೇಲಿನ ನರ ಉದುರುವುದು ಅದರಿಂದಲೇ. ದಪ್ಪ ಆಕಾರಕ್ಕೆ ಒಳಗೆ ಅಲ್ಯೂಮಿನಿಯಂ ಫಾಯಿಲ್ ಮುದುರಿ ಒತ್ತಿ, ಮೇಲೆ 4 ಮಿ.ಮೀ. ಪುಟ್ಟಿ ಹೊದಿಸಿದರೆ ಸಾಕು. ತೂಕವೂ ಕಡಿಮೆ, ಹಣವೂ ಉಳಿಯಿತು.

ಚಿಕ್ಕ ಮುಖದ ವಿಷಯ ಬೇರೆ. ಅಲ್ಲಿ ಗ್ರೀನ್ ಸ್ಟಫ್. ನೀಲಿ, ಹಳದಿ ಪಟ್ಟಿ ಬೆರೆತು ಹಸಿರಾಗುತ್ತದೆ. ಪಟ್ಟಿಗಳು ಒಂದಕ್ಕೊಂದು ತಾಗಿಯೇ ಬರುವುದರಿಂದ ನಡುವಿನ ಸಂದಿನಲ್ಲಿ ಆಗಲೇ ಗಟ್ಟಿಯಾದ ಗೆರೆಯಿರುತ್ತದೆ. ಎರಡು ಮೂರು ಮಿ.ಮೀ. ಕತ್ತರಿಸಿ ಎಸೆಯದಿದ್ದರೆ ಕೆನ್ನೆಯ ಮೇಲೆ ರವೆಯಂಥ ಕಾಳು ಏಳುತ್ತವೆ. ಒಂದೂವರೆ ಗಂಟೆ ಆರಾಮವಾಗಿ ಕೆಲಸ ಮಾಡಬಹುದು. ಆದರೆ ಇದು ಗಟ್ಟಿಯಾದ ಮೇಲೂ ರಬ್ಬರಿನಂತೆ ತುಸು ಬಾಗುತ್ತದೆ. ಬಟ್ಟೆಯ ನೆರಿಗೆ, ಕೂದಲು, ರೆಪ್ಪೆಗೆ ಅದು ವರ. ಚೂಪು ಅಂಚಿಗೆ, ಖಡ್ಗಕ್ಕೆ ಶಾಪ, ಏಕೆಂದರೆ ಉಜ್ಜಿದರೆ ಸವೆಯದೆ ಎಳೆ ಎಳೆಯಾಗಿ ಏಳುತ್ತದೆ. ಮಿಲಿಪುಟ್ ಇದಕ್ಕೆ ತದ್ವಿರುದ್ಧ, ಕೊರೆಯಲು ಉಜ್ಜಲು ಸೊಗಸು, ತೆಳುವಾದರೆ ಚಟ್ಟನೆ ಮುರಿಯುತ್ತದೆ. ಎರಡನ್ನೂ ಬೇರೆ ಬೇರೆ ಕಲಸಿ, ಆಮೇಲೆ ಸಮಸಮ ಸೇರಿಸಿ ನಾದಿದರೆ ಎರಡರ ನಡುವಿನ ಗುಣ ಬರುತ್ತದೆ. ಈ ನಾಲ್ಕರಲ್ಲಿ ನಮಗೆ ಮೆಚ್ಚಿಗೆಯಾದದ್ದು ನಿಜಕ್ಕೂ ಈ ಐದನೆಯದು.

ಹವೆ, ಕೈ, ಪೊಟ್ಟಣ

ಮೇಲೆ ಕೊಟ್ಟ ಸಮಯಗಳು 26 ಡಿಗ್ರಿ ಸುತ್ತಮುತ್ತಲ ಕೋಣೆಯವು. 10 ಡಿಗ್ರಿ ಏರಿದರೆ ಕೈಗೆ ಸಿಗುವ ಹೊತ್ತು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಲಬುರಗಿಯ ಮೇ ತಿಂಗಳಿನಲ್ಲಿ ಒಂದು ಗಂಟೆಯ ಪುಟ್ಟಿ ಅರ್ಧ ಗಂಟೆಯದು, ಮಡಿಕೇರಿಯ ಡಿಸೆಂಬರಿನಲ್ಲಿ ಸಂಜೆವರೆಗೂ ಮೆತ್ತಗೆ. ಕರಾವಳಿಯ ಮಳೆಗಾಲದಲ್ಲಿ ಗಟ್ಟಿಯಾದ ಪುಟ್ಟಿಯ ಮೇಲೆ ಜಿಡ್ಡಿನಂಥ ಪೊರೆ ಕಟ್ಟಬಹುದು. ಸಾಬೂನು ನೀರಿನಿಂದ ತೊಳೆದು ಒಣಗಿಸದೆ ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ.

ಬರಿಗೈಯಲ್ಲಿ ನಾದುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಮೊದಮೊದಲು ಏನೂ ಆಗದು. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿತೆಂದರೆ ಅದು ಜೀವನಪೂರ್ತಿ ಉಳಿಯಬಹುದು. ನೈಟ್ರೈಲ್ ಗ್ಲೌಸ್ ಹಾಕಿ, ಉಜ್ಜುವಾಗ ಮಾಸ್ಕ್ ಇರಲಿ, ಧೂಳು ಹಾರದಂತೆ ಒದ್ದೆ ಪೇಪರಿನಲ್ಲಿ ಉಜ್ಜಿದರೆ ಇನ್ನೂ ಒಳ್ಳೆಯದು. ಕಾಫಿ ಲೋಟದ ಒಳಮೈಗೆ, ಊಟದ ತಟ್ಟೆಗೆ ಯಾವ ಪುಟ್ಟಿಯೂ ಬೇಡ. ಕಪ್ಪಿನ ಹಿಡಿಗೂ ಬೇಡ, ಬಿಸಿಗೆ ಸಡಿಲಾಗಿ ಕಳಚಿದರೆ ಕಾಫಿ ಮಡಿಲ ಮೇಲೆ.

ಒಡೆದ ಪೊಟ್ಟಣದ ಎರಡು ಉಂಡೆಗಳನ್ನು ಬೇರೆ ಬೇರೆ ಕವರಿನಲ್ಲಿ ಗಾಳಿ ತೆಗೆದು ಸುತ್ತಿಡಿ, ಕತ್ತರಿಸುವ ಚಾಕುವೂ ಬೇರೆಯಿರಲಿ. ಹಾರ್ಡ್‌ನರಿನ ಮೇಲೆ ಕಟ್ಟಿದ ಕಂದು ಸಿಪ್ಪೆಯನ್ನು ಕೆತ್ತಿ ತೆಗೆದರೆ ಒಳಗಿನದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಗ್ರೀನ್ ಸ್ಟಫ್ ಪಟ್ಟಿಯನ್ನು ಮಾತ್ರ ನಡುವಿನ ಗೆರೆ ಕತ್ತರಿಸಿಯೇ ಫ್ರೀಜರಿನಲ್ಲಿಡಿ.