ತೋಟಕ್ಕೆ ಲೋರಾ ಬೇಸ್ ಸ್ಟೇಷನ್: ಗುಡ್ಡದ ತಲೆ ಮೇಲೋ, ಮನೆ ಮೇಲೋ?

ಮೂಡಿಗೆರೆ ಕಡೆ ಕಾಫಿ ತೋಟ ನಮ್ಮದು. ಮಳೆ ಮಾಪಕ, ಮಣ್ಣಿನ ತೇವದ ಸೆನ್ಸರ್, ಪಂಪ್‌ಹೌಸಲ್ಲಿ ನೀರಿನ ಮಟ್ಟ ನೋಡೋದು, ಎಲ್ಲಾ ಲೋರಾ (ಕಮ್ಮಿ ಕರೆಂಟಲ್ಲಿ ಸಣ್ಣ ಮೆಸೇಜನ್ನ ದೂರಕ್ಕೆ ಕಳಿಸೋ) ರೇಡಿಯೋ ಮೇಲೆ ಓಡ್ತಿದೆ. ಇದರ ಡೇಟಾ ಹಿಡಿಯೋ ಬೇಸ್ ಸ್ಟೇಷನ್ನನ್ನ (ಗೇಟ್‌ವೇ ಅಂತಲೂ ಅಂತಾರೆ) ಬೇರೆ ಬೇರೆ ಥರ ಹಾಕಿ ನೋಡಿದೀನಿ, ಯಾವುದು ಹೆಂಗೆ ಅಂತ ಬರೀತೀನಿ.

ಮೊದ್ಲು ಬೋರ್ಡ್ ವಿಷ್ಯ. ನಮ್ಮ ದೇಶದಲ್ಲಿ ಲೋರಾಗೆ 865-867 ಮೆಗಾಹರ್ಟ್ಸ್, ಇದಕ್ಕೆ ಲೈಸೆನ್ಸ್ ಬೇಡ, ಆದ್ರೆ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ 915ರದ್ದು ತರಿಸ್ಬೇಡಿ, ಅದು ಅಮೆರಿಕಾ ಬ್ಯಾಂಡು. ಇಎಸ್‌ಪಿ32 ಅನ್ನೋ ಸಣ್ಣ ಕಂಟ್ರೋಲರ್ ಬೋರ್ಡ್ ಜೊತೆ ಒಂದು ಎಸ್‌ಎಕ್ಸ್1276 ಲೋರಾ ಚಿಪ್ ಸೇರಿಸಿ ಮಾಡೋ ಸಿಂಗಲ್ ಚಾನೆಲ್ ರಿಸೀವರ್ ತುಂಬಾ ಕಮ್ಮಿ ದುಡ್ಡಲ್ಲಿ ಆಗುತ್ತೆ, ಆದ್ರೆ ಅದು ಒಂದು ಹೊತ್ತಿಗೆ ಒಂದೇ ಫ್ರೀಕ್ವೆನ್ಸಿ, ಒಂದೇ ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್, ಇದು ಏರಿದಷ್ಟೂ ಮೆಸೇಜು ನಿಧಾನ, ಆದ್ರೆ ದುರ್ಬಲ ಸಿಗ್ನಲ್ಲೂ ಕೇಳಿಸುತ್ತೆ) ಕೇಳಿಸ್ಕೊಳ್ಳುತ್ತೆ. ರೆಡಿಮೇಡ್ ಲೋರಾವ್ಯಾನ್ (ಲೋರಾ ಮೇಲೆ ನಡೆಯೋ ನೆಟ್‌ವರ್ಕ್ ಪದ್ಧತಿ) ಸೆನ್ಸರ್‌ಗಳು 865.0625, 865.4025, 865.985 ಈ ಮೂರರಲ್ಲಿ ಒಂದ್ಸಲ ಇಲ್ಲಿ ಒಂದ್ಸಲ ಅಲ್ಲಿ ಕಳಿಸ್ತಾ ಇರ್ತವೆ, ಹಾಗಾಗಿ ಬಹಳಷ್ಟು ಮೆಸೇಜು ಕೈತಪ್ಪುತ್ತೆ. ಸೆನ್ಸರ್ ಕೋಡ್ ನೀವೇ ಬರ್ದು ಒಂದೇ ಚಾನೆಲ್‌ಗೆ ಕಟ್ಟಿಹಾಕಿ, ನಾಲ್ಕೈದು ನೋಡ್ (ಸೆನ್ಸರ್ ಇರೋ ರೇಡಿಯೋ ಪೆಟ್ಟಿಗೆ) ಮಾತ್ರ ಇಟ್ಕೊಂಡ್ರೆ ಇದು ಚೆನ್ನಾಗೇ ನಡೆಯುತ್ತೆ. ಅದಕ್ಕಿಂತ ಜಾಸ್ತಿ ಅಂದ್ರೆ ಎಸ್‌ಎಕ್ಸ್1302 ಚಿಪ್ ಇರೋ 8 ಚಾನೆಲ್ ಗೇಟ್‌ವೇನೇ ತಗೊಳ್ಳಿ.

ಇನ್ನು ಜಾಗ. ನಕ್ಷೆ ನೋಡಿದ್ರೆ ಯಾರಿಗಾದ್ರೂ ಗುಡ್ಡದ ತುದೀನೇ ಕಣ್ಣಿಗೆ ಬೀಳೋದು. ಮಾರ್ಚ್-ಏಪ್ರಿಲಲ್ಲಿ ಅಲ್ಲಿಟ್ಟ ಪೆಟ್ಟಿಗೆ ರಾಜನ ಥರ ಓಡ್ತು, ಆಚೆ ಇಳಿಜಾರಿನ ನೋಡ್ ಕೂಡ ಎಸ್‌ಎಫ್ 7ರಲ್ಲೇ ಬರ್ತಿತ್ತು. ತೊಂದ್ರೆ ಶುರುವಾಗೋದು ಜೂನಲ್ಲಿ, ಅಲ್ಲಿ ಕರೆಂಟಿಲ್ಲ, ಸೋಲಾರ್, ಬ್ಯಾಟರಿ ಮೇಲೇ ಓಡ್ಬೇಕು. ಗೇಟ್‌ವೇ, 4ಜಿ ರೂಟರ್ ಎರಡೂ ಸೇರಿ 8 ವ್ಯಾಟ್ ಅಂತಿಟ್ಕೊಳ್ಳಿ, ದಿನಕ್ಕೆ ಸುಮಾರು 190 ವ್ಯಾಟ್-ಅವರ್ ಬೇಕು. 12 ವೋಲ್ಟಿನ 40 ಎಎಚ್ ಲಿಥಿಯಂ ಬ್ಯಾಟರಿ ಫುಲ್ ಇದ್ರೂ ಎರಡೂವರೆ ದಿನದ ಮೇಲೆ ಬರಲ್ಲ. ಮಲೆನಾಡಲ್ಲಿ ಜುಲೈ ಮೋಡ ಎರಡೂವರೆ ದಿನಕ್ಕೆ ಬಿಡುತ್ತಾ? ಮಳೆ ಲೆಕ್ಕ ಬೇಕಿರೋದೇ ಆಗ, ಸ್ಟೇಷನ್ ಮಲಗೋದೂ ಆಗಲೇ. ಜಿಗಣೆ ಕಚ್ಚಿಸ್ಕೊಂಡು ಗುಡ್ಡ ಹತ್ತಿ ಬ್ಯಾಟರಿ ಬದಲಾಯ್ಸೋಕೆ ಯಾರನ್ನ ಕಳಿಸ್ತೀರ, ತೋಟದ ಲೆಕ್ಕ ನೋಡೋ ರೈಟರ್ ಅಂತೂ ಹೋಗಲ್ಲ.

ಮನೆ ಮೇಲೆ ಕರೆಂಟಿದೆ, ಸಣ್ಣ ಯುಪಿಎಸ್ ಇದೆ, ಫೈಬರ್ ಇದೆ. ಸಿಗ್ನಲ್ ಮಾತ್ರ ಗುಡ್ಡದಷ್ಟಿಲ್ಲ, ಸಿಲ್ವರ್ ಮರ, ನೆರಳಿನ ಮರ ಅಡ್ಡ, ಅದೂ ಎಲೆ ಒದ್ದೆಯಾದ್ರೆ ಇನ್ನೂ ಇಳಿಯುತ್ತೆ. ಹಳ್ಳದ ಹತ್ರದ ನೋಡ್ ಬೇಸಿಗೇಲಿ ಮೈನಸ್ 112 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ದೊಡ್ಡದಾದಷ್ಟೂ ದುರ್ಬಲ) ಇದ್ದದ್ದು ಮಳೆಗಾಲದಲ್ಲಿ ಮೈನಸ್ 118ರ ಆಸುಪಾಸು, ಎಸ್‌ಎಫ್ 10ಕ್ಕೆ ಏರಿಸಿದ್ಮೇಲೆ ಸರಿಹೋಯ್ತು. ಜಿಐ ಪೈಪ್ ನಿಲ್ಲಿಸಿ ಆಂಟೆನಾನ ಹಂಚಿನ ಮೇಲೆ ಇನ್ನೊಂದೆರಡು ಆಳೆತ್ತರ ಏರಿಸಿದ್ದು ದುಬಾರಿ ಆಂಟೆನಾಗಿಂತ ಜಾಸ್ತಿ ಕೆಲಸ ಮಾಡ್ತು. 8 ಡಿಬಿಐ (ಸಿಗ್ನಲನ್ನ ಒಂದು ದಿಕ್ಕಿಗೆ ಎಷ್ಟು ಒಟ್ಟುಮಾಡುತ್ತೆ ಅನ್ನೋ ಅಳತೆ) ಆಂಟೆನಾ ಅಂತ ಮಾರೋರ ಮಾತು ಕೇಳ್ಬೇಡಿ, ಅದರ ಕಿರಣ ಚಪ್ಪಟೆಯಾಗಿ ದೂರಕ್ಕೆ ಹೋಗುತ್ತೆ, ಗುಡ್ಡದ ಮೇಲಿಟ್ರೆ ನೇರ ಕೆಳಗಿರೋ ಕಣಿವೆ ನೋಡ್‌ಗಳ ತಲೆ ಮೇಲೇ ಹಾದುಹೋಗುತ್ತೆ. ಮೂರು ನಾಲ್ಕು ಡಿಬಿಐ ಸಾಕು.

ಕೇಬಲ್ಲಿನಲ್ಲಿ ಉಳಿಸೋಕೆ ಹೋಗ್ಬೇಡಿ. ಆರ್‌ಜಿ58 ಅನ್ನೋ ತೆಳು ಕೇಬಲ್ ಹತ್ತು ಮೀಟರ್ ಎಳೆದ್ರೆ ಈ ಫ್ರೀಕ್ವೆನ್ಸಿಲಿ ನಾಲ್ಕೈದು ಡಿಬಿ ಸಿಗ್ನಲ್ ದಾರಿಲೇ ಹೋಯ್ತು, ಎಲ್‌ಎಂಆರ್400 ಅನ್ನೋ ದಪ್ಪ ಕೇಬಲ್ ಆದ್ರೆ ಒಂದೂಕಾಲು ಚಿಲ್ಲರೆ. ಅದಕ್ಕಿಂತ ವಾಸಿ ಅಂದ್ರೆ ಗೇಟ್‌ವೇನೇ ಕಂಬದ ಮೇಲೆ ಕಟ್ಟಿ ಕೆಳಗಡೆಗೆ ಪಿಒಇ (ಡೇಟಾ ಜೊತೆ ಕರೆಂಟನ್ನೂ ಒಯ್ಯೋ) ಈಥರ್ನೆಟ್ ತಂತಿ ಬಿಡೋದು. ಸಿಡಿಲು ತಡೆಯೋ ಅರೆಸ್ಟರ್ ಮತ್ತೆ ಅರ್ಥಿಂಗ್ ಮರೀಬೇಡಿ, ಕಾಫಿ ಅರಳಿಸೋ ಹೂ ಮಳೆ ಜೊತೆ ಬರೋ ಸಿಡಿಲು ಸುಮ್ನೆ ಅಲ್ಲ.

ಗೇಟ್‌ವೇ ಕಳಿಸಿದ ಡೇಟಾ ಬರ್ಕೊಳ್ಳೋ ಸರ್ವರ್ ಕ್ಲೌಡಲ್ಲೋ ಮನೇಲೋ ಅನ್ನೋ ಪ್ರಶ್ನೆಗೆ ನನ್ನ ಓಟು ಮನೆಗೇ. ಸಾಮಾನ್ಯವಾಗಿ ಗೇಟ್‌ವೇಲಿ ಬರೋ ಯುಡಿಪಿ ಪ್ಯಾಕೆಟ್ ಫಾರ್ವರ್ಡರ್ (ಮೆಸೇಜನ್ನ ಸರ್ವರಿಗೆ ದಾಟಿಸೋ ಪ್ರೋಗ್ರಾಂ) ಕಳಿಸಿದ್ದು ತಲುಪ್ತೋ ಇಲ್ವೋ ಅಂತ ನೋಡಿ ಮತ್ತೆ ಕಳಿಸಲ್ಲ, ಫೈಬರ್ ಕಟ್ಟಾದ್ರೆ ಆ ಹೊತ್ತಿನ ಡೇಟಾ ಹೋಯ್ತು ಅಂತಲೇ. ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಚಿರ್ಪ್‌ಸ್ಟಾಕ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಹಾಕಿ ಮನೆ ಒಳಗೇ ಬರ್ಕೊಂಡ್ರೆ ಇಂಟರ್ನೆಟ್ಟಿನ ಹಂಗಿಲ್ಲ. ಜೊತೆಗೆ ಮಳೆ ಮಾಪಕ ಪ್ರತಿ ಸಲ 'ಈ ಹದಿನೈದು ನಿಮಿಷದಲ್ಲಿ ಇಷ್ಟು' ಅಂತ ಕಳಿಸದೆ ಮೊದಲಿಂದ ಒಟ್ಟು ಎಷ್ಟು ಸಲ ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚ್ತು ಅನ್ನೋ ಓಡೋ ಲೆಕ್ಕ ಕಳಿಸ್ಬೇಕು. ಒಂದು ಮಗುಚಿಗೆ 0.2 ಮಿಲಿಮೀಟರ್, ಇಂಚಿಗೆ 127 ಮಗುಚು, ಮಧ್ಯೆ ಹತ್ತು ಮೆಸೇಜ್ ಬಿಟ್ಟುಹೋದ್ರೂ ಮುಂದಿನದ್ರಲ್ಲಿ ಪೂರ್ತಿ ಲೆಕ್ಕ ಸಿಗುತ್ತೆ.

ಈಗಿರೋದು ಮನೆ ಮೇಲೆ ಒಂದು 8 ಚಾನೆಲ್, ಆಚೆ ಇಳಿಜಾರಿಗೆ ಕೆಲಸದೋರ ಲೈನ್ ಮನೆ ಹತ್ರ ಇನ್ನೊಂದು. ಅಲ್ಲೂ ಕರೆಂಟಿದೆ. ಒಂದೇ ಮೆಸೇಜು ಎರಡಕ್ಕೂ ಕೇಳಿಸಿದ್ರೆ ಸರ್ವರ್ರೇ ಒಂದು ಮಾಡ್ಕೊಳ್ಳುತ್ತೆ, ತಲೆಬಿಸಿ ಇಲ್ಲ. ಗುಡ್ಡದ ಸೋಲಾರ್, ಬ್ಯಾಟರಿ, ಸಿಮ್ ರೀಚಾರ್ಜ್ ಎಲ್ಲಾ ಕೂಡಿದ್ರೆ ಎರಡನೇ ಗೇಟ್‌ವೇನೇ ಅಗ್ಗ. ಹತ್ರದಲ್ಲೆಲ್ಲೂ ಕರೆಂಟಿಲ್ಲ, ಅಥವಾ ಅಕ್ಕಪಕ್ಕದ ನಾಲ್ಕೈದು ತೋಟದೋರು ಸೇರಿ ಹಾಕ್ತಿದೀರ ಅಂದ್ರೆ ಗುಡ್ಡಕ್ಕೇ ಹೋಗಿ, ಆದ್ರೆ ಬ್ಯಾಟರಿ ಐದು ದಿನಕ್ಕೆ ಲೆಕ್ಕ ಹಾಕಿ ತಗೊಳ್ಳಿ.